ಕಾಲಿ ಲಿನಕ್ಸ್ ಹಾಕಿದರೆ ಯಾವ ವೈಫೈ ಪಾಸ್‌ವರ್ಡ್ ಬೇಕಾದರೂ ಸಿಗುತ್ತದಾ?

"ಲ್ಯಾಪ್‌ಟಾಪ್‌ಗೆ ಕಾಲಿ ಲಿನಕ್ಸ್ ಹಾಕಿದೆ. ಏರ್‌ಕ್ರ್ಯಾಕ್ ರಾತ್ರಿಯಿಡೀ ಓಡಿಸಿದರೂ ನಮ್ಮ ಮನೆಯ ವೈಫೈ ಪಾಸ್‌ವರ್ಡ್ ಸಿಗಲಿಲ್ಲ. ಇನ್ನೂ ಒಳ್ಳೆಯ ಟೂಲ್ ಯಾವುದು?"

ಈ ಪ್ರಶ್ನೆ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಉತ್ತರ ಮಾತ್ರ ಒಂದೇ: ಟೂಲ್ ಬದಲಿಸಿ ಪ್ರಯೋಜನವಿಲ್ಲ. ಕಾಲಿ ಅಂದರೆ ಸುರಕ್ಷತೆ ಪರೀಕ್ಷಿಸುವ ಟೂಲ್‌ಗಳನ್ನು ಮೊದಲೇ ತುಂಬಿಟ್ಟ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ಅಷ್ಟೆ. ವೈಫೈ ಪಾಸ್‌ವರ್ಡ್ ಹುಡುಕುವ ಅದೇ ಏರ್‌ಕ್ರ್ಯಾಕ್ ಟೂಲ್, ಉಬುಂಟು ಎಂಬ ಸಾಮಾನ್ಯ ಲಿನಕ್ಸ್‌ನಲ್ಲೂ ಓಡುತ್ತದೆ.

ಟೂಲ್ ಗಾಳಿಯಿಂದ ಪಾಸ್‌ವರ್ಡ್ ಹಿಡಿದು ತರುತ್ತದೆ ಎಂಬ ನಂಬಿಕೆ ಮೊದಲು ಹೋಗಬೇಕು. ಡಬ್ಲ್ಯೂಪಿಎ2 ಎಂಬ ವೈಫೈ ಭದ್ರತಾ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಗಾಳಿಯಲ್ಲಿ ಹೋಗುವುದೇ ಇಲ್ಲ! ರೂಟರ್‌ಗೂ ಲ್ಯಾಪ್‌ಟಾಪ್‌ಗೂ ಅದು ಮೊದಲೇ ಗೊತ್ತು. ಗೊತ್ತಿದೆ ಎಂದು ತೋರಿಸಲು ಅವು ನಾಲ್ಕು ಸಂದೇಶ ಬದಲಾಯಿಸಿಕೊಳ್ಳುತ್ತವೆ. ಇದೇ ಹ್ಯಾಂಡ್‌ಶೇಕ್. ಟೂಲ್ ಹಿಡಿಯುವುದು ಇದನ್ನು. ಆಮೇಲೆ ಪದಪಟ್ಟಿಯಿಂದ ಒಂದೊಂದೇ ಪದ ತೆಗೆದು, "ಪಾಸ್‌ವರ್ಡ್ ಇದೇ ಆಗಿದ್ದರೆ ಲೆಕ್ಕ ತಾಳೆಯಾಗುತ್ತದಾ?" ಎಂದು ನೋಡುತ್ತದೆ. ಅಂದರೆ ಬರೀ ಊಹೆ.

ಒಂದೊಂದು ಊಹೆಗೂ ನೆಟ್‌ವರ್ಕ್ ಹೆಸರನ್ನು ಬೆರೆಸಿ 4096 ಸುತ್ತು ಲೆಕ್ಕ ಮಾಡಬೇಕು. ಎಂಟು ಅಂಕಿಯ ಪಾಸ್‌ವರ್ಡ್‌ಗೆ 10 ಕೋಟಿ ಸಾಧ್ಯತೆ. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಅದೇನೂ ದೊಡ್ಡದಲ್ಲ. ಇಂಗ್ಲಿಷಿನ ಎಂಟು ಸಣ್ಣಕ್ಷರ ಮನಸ್ಸಿಗೆ ಬಂದಂತೆ ಜೋಡಿಸಿದರೆ ಸುಮಾರು 20,900 ಕೋಟಿ. ಇನ್ನು ನಾಲ್ಕಕ್ಷರ ಸೇರಿಸಿ: ಕೆಲಸ 4,56,976 ಪಟ್ಟು ಜಾಸ್ತಿ. ನಿಮ್ಮ ಪಾಸ್‌ವರ್ಡ್ ಟೂಲ್ ಮಾಡುವ ಊಹೆಗಳಲ್ಲಿ ಇಲ್ಲದಿದ್ದರೆ ಏರ್‌ಕ್ರ್ಯಾಕ್ ಇರಲಿ, ಹ್ಯಾಶ್‌ಕ್ಯಾಟ್ ಎಂಬ ಇನ್ನೊಂದು ಟೂಲ್ ಇರಲಿ, ಸಿಗುವುದಿಲ್ಲ. ಸಿಗಲಿಲ್ಲ ಅಂದರೆ ಖುಷಿಪಡಿ!

ನಂಬಿಕೆ ಹುಟ್ಟಿದ್ದಕ್ಕೆ ಕಾರಣವೂ ಇದೆ. 1997ರ ಡಬ್ಲ್ಯೂಇಪಿ ಎಂಬ ಹಳೆಯ ವೈಫೈ ಭದ್ರತೆಯಲ್ಲಿ ಪ್ರತಿ ಪ್ಯಾಕೆಟ್ (ಡೇಟಾದ ತುಣುಕು) ಜತೆ ಹೋಗುವ 24 ಬಿಟ್‌ನ ಸಂಖ್ಯೆಯನ್ನು ಕೀಗೆ, ಅಂದರೆ ಡೇಟಾಗೆ ಬೀಗ ಹಾಕುವ ಗುಟ್ಟಿನ ಸಂಖ್ಯೆಗೆ, ಜೋಡಿಸಿದ ರೀತಿಯೇ ತಪ್ಪಾಗಿತ್ತು. ಅದು 2001ರಲ್ಲಿ ಬಯಲಾಯಿತು. ಸಾಕಷ್ಟು ಪ್ಯಾಕೆಟ್ ಸಿಕ್ಕರೆ, ಪಾಸ್‌ವರ್ಡ್ ಎಷ್ಟೇ ಕಷ್ಟದ್ದಾದರೂ ಕೀ ಹೊರಬರುತ್ತಿತ್ತು. 2011ರಲ್ಲಿ ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಬದಲು ಪಿನ್ ಕೊಟ್ಟು ವೈಫೈಗೆ ಸೇರುವ ಸೌಲಭ್ಯ) ಪಿನ್ನಿನ ಸರದಿ: ಎಂಟು ಅಂಕಿಯನ್ನು ಎರಡು ಭಾಗವಾಗಿ ಪರೀಕ್ಷಿಸುತ್ತಿದ್ದರಿಂದ ಹೆಚ್ಚೆಂದರೆ 11,000 ಪ್ರಯತ್ನ ಸಾಕಿತ್ತು. ರೂಟರ್‌ನಲ್ಲಿ ಡಬ್ಲ್ಯೂಪಿಎಸ್ ಆಫ್ ಮಾಡಿ. ಡಬ್ಲ್ಯೂಪಿಎ2ರ ನಂತರ ಬಂದ ಡಬ್ಲ್ಯೂಪಿಎ3 ಇದ್ದರೆ ಅದನ್ನೇ ಹಾಕಿ. ಅಲ್ಲಿ ಹ್ಯಾಂಡ್‌ಶೇಕ್ ಹಿಡಿದುಕೊಂಡು ಹೋಗಿ ಆರಾಮಾಗಿ ಊಹಿಸುವ ದಾರಿಯೇ ಇಲ್ಲ.

ಕಾಲಿಯನ್ನು ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್) ಹಾಕಿ, ವೈಫೈ ಕಾರ್ಡ್ ಕಾಣುವುದಿಲ್ಲ ಎನ್ನುವವರಿಗೆ: ಒಳಗಿನ ಕಾರ್ಡ್ ಅಲ್ಲಿ ತಂತಿಯ ಸಂಪರ್ಕದ ಹಾಗೆ ಕಾಣುತ್ತದೆ. ಮಾನಿಟರ್ ಮೋಡ್ (ಸುತ್ತಲಿನ ವೈಫೈ ಸಂದೇಶಗಳನ್ನೆಲ್ಲ ಕೇಳಿಸಿಕೊಳ್ಳುವ ಸ್ಥಿತಿ) ಬರುವ ಯುಎಸ್‌ಬಿ ಅಡಾಪ್ಟರ್ ಬೇಕು. ಪರೀಕ್ಷೆ ನಿಮ್ಮದೇ ನೆಟ್‌ವರ್ಕ್ ಮೇಲೆ, ಅಥವಾ ಮಾಲೀಕರ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ. ಪಾಸ್‌ವರ್ಡ್ ಮರೆತಿದ್ದರೆ ಇಷ್ಟೆಲ್ಲ ಯಾಕೆ? ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲೇ ಸೇವ್ ಆದದ್ದು ಕಾಣುತ್ತದೆ.

ಯಾರೂ ಕೇಳದ ಒಂದು ಮಾತನ್ನೂ ಹೇಳಿಬಿಡುತ್ತೇನೆ. ಸುರಕ್ಷತೆಗೆಂದು ವೈಫೈ ಹೆಸರು ಮುಚ್ಚಿಡುವವರಿದ್ದಾರೆ ಅಲ್ವಾ? ಸುತ್ತಲಿನ ವೈಫೈಗಳನ್ನು ಗಮನಿಸುವ ಕಿಸ್ಮೆಟ್ ಎಂಬ ಟೂಲ್ ತೆರೆದು ಕೂತರೆ, ಯಾವುದಾದರೂ ಫೋನ್ ಆ ವೈಫೈಗೆ ಸೇರುವಾಗ ಹೆಸರು ಬಿಚ್ಚಿಕೊಳ್ಳುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಹೆಸರು ಮುಚ್ಚಿಟ್ಟ ವೈಫೈಯನ್ನು ನೆನಪಿಟ್ಟುಕೊಂಡ ಫೋನ್, ನೀವು ಹೊರಗೆ ಹೋದಲ್ಲೆಲ್ಲ ಆ ಹೆಸರು ಹಿಡಿದು ಕೂಗಿ ಹುಡುಕಬಹುದು. ಹೆಸರು ಕಾಣುವಂತೆಯೇ ಬಿಡಿ.