121 ಕೋಟಿ ಜನರ ನಟ್ಟನಡುವೆ ನಿಂತವರ ವಯಸ್ಸೆಷ್ಟು?

ಐದು ಮಂದಿಯ ವಯಸ್ಸಿನ ಮಧ್ಯಾಂಕ ಬೇಕೆಂದರೆ ಕಷ್ಟವೇನಿಲ್ಲ. ಚಿಕ್ಕವರಿಂದ ದೊಡ್ಡವರವರೆಗೆ ಸಾಲಾಗಿ ಬರೆದು ಮೂರನೆಯವರ ವಯಸ್ಸು ನೋಡಿದರೆ ಆಯಿತು. ಇಡೀ ಭಾರತದ ಮಧ್ಯಾಂಕ ಬೇಕಾದರೆ?

2011ರ ಜನಗಣತಿಯ ಒಂದು ಮುಖ್ಯ ಪಟ್ಟಿಯಲ್ಲಿ ಒಬ್ಬೊಬ್ಬರ ವಯಸ್ಸು ಇರುವುದಿಲ್ಲ. ಐದೈದು ವರ್ಷದ ಗುಂಪುಗಳಿರುತ್ತವೆ: 0–4, 5–9, 10–14, ಹೀಗೆ. ಕೊನೆಯ ಗುಂಪು 80 ಮತ್ತು ಅದಕ್ಕೂ ಮೇಲ್ಪಟ್ಟವರದು. ಸರಾಸರಿ ತೆಗೆಯಲು ಹೊರಟರೆ ಇದೇ ತೊಡಕು. ಇವರ ವಯಸ್ಸನ್ನು 82 ಎಂದು ಹಿಡಿಯಬೇಕೋ, 88 ಎಂದೋ? ಮಧ್ಯಾಂಕಕ್ಕೆ ಆ ಚಿಂತೆ ಇಲ್ಲ. ಅವರೆಲ್ಲ ನಡುಗೆರೆಯಿಂದ ಆಚೆ ಇದ್ದಾರೆ ಎಂದು ಗೊತ್ತಾದರೆ ಸಾಕು.

ಲೆಕ್ಕ ಮಾಡಿಯೇ ನೋಡೋಣ. ವಯಸ್ಸು ದಾಖಲಾಗದ ಸುಮಾರು 45 ಲಕ್ಷ ಮಂದಿಯನ್ನು ಬಿಟ್ಟರೆ ಉಳಿಯುವುದು 120.64 ಕೋಟಿ. ಅದರ ಅರ್ಧ 60.32 ಕೋಟಿ. ಈಗ ಒಂದೊಂದೇ ಗುಂಪನ್ನು ಕೂಡುತ್ತಾ ಹೋಗಬೇಕು. ಶಾಲೆಯಲ್ಲಿ ಇದನ್ನೇ ಸಂಚಿತ ಆವೃತ್ತಿ ಅನ್ನುವುದು. 15–19ರ ಗುಂಪು ಮುಗಿಯುವಾಗ ಮೊತ್ತ 49.30 ಕೋಟಿ. 20–24ರ ಗುಂಪಿನಲ್ಲಿ 11.14 ಕೋಟಿ ಜನ. ಅವರನ್ನೂ ಸೇರಿಸಿದರೆ 60.44 ಕೋಟಿ, ಅರ್ಧ ದಾಟಿಬಿಟ್ಟಿತು. ಹಾಗಾದರೆ ಮಧ್ಯಾಂಕ ಇರುವುದು ಈ ಗುಂಪಿನ ಒಳಗೆ.

ಒಳಗೆ ಎಲ್ಲಿ? ಅರ್ಧ ಮುಟ್ಟಲು ನಮಗೆ ಬೇಕಾದದ್ದು ಇನ್ನೂ 11.02 ಕೋಟಿ. ಗುಂಪಿನಲ್ಲಿರುವುದು 11.14 ಕೋಟಿ. ಅಂದರೆ ಐದು ವರ್ಷದ ಆ ಹರವಿನಲ್ಲಿ ನೂರಕ್ಕೆ 99ರಷ್ಟು ಮುಂದೆ ಹೋಗಬೇಕು. ಅದು 4.95 ವರ್ಷ. 20ಕ್ಕೆ ಸೇರಿಸಿದರೆ 24.95. ಹತ್ತನೇ ತರಗತಿಯ ಮಕ್ಕಳು ಬಾಯಿಪಾಠ ಮಾಡುವ ಉದ್ದದ ಸೂತ್ರ ಹೇಳುವುದು ಇಷ್ಟನ್ನೇ. ಜನಸಂಖ್ಯೆಯ ಮುನ್ನಂದಾಜು ಮಾಡಿದ ಸರ್ಕಾರಿ ತಜ್ಞರ ತಂಡವೂ 2011ಕ್ಕೆ 24.9 ಎಂದೇ ಕೊಟ್ಟಿದೆ. 2036ಕ್ಕೆ ಅದು 34.5 ಆಗಬಹುದು ಎಂಬುದು ಅದೇ ತಂಡದ ಅಂದಾಜು.

ಇಲ್ಲಿ ಬುದ್ಧಿವಂತ ಮಕ್ಕಳೂ ಎಡವುವ ಜಾಗವೊಂದಿದೆ. 20–24, 25–29 ಎಂದು ನಡುವೆ ಸಂದು ಇರುವ ಗುಂಪು ಕಂಡರೆ ಅರ್ಧ ಕಳೆದು 19.5ರಿಂದ ಶುರು ಮಾಡಿ ಅಂತ ಹೇಳಿಕೊಟ್ಟಿರುತ್ತಾರೆ. ಸೆಂಟಿಮೀಟರ್‌ಗೆ ಸರಿಹೊಂದಿಸಿ ಬರೆದ ಎತ್ತರಕ್ಕೆ ಅದು ಸರಿ. ವಯಸ್ಸಿಗೆ ಸರಿಯಲ್ಲ! ಜನಗಣತಿಯಲ್ಲಿ ಬರೆಯುವುದು ತುಂಬಿದ ವರ್ಷ. 24 ತುಂಬಿ 11 ತಿಂಗಳಾಗಿದ್ದರೂ ಅವರು 24ರವರೇ. ಆದ್ದರಿಂದ ಈ ಗುಂಪು 20ರಿಂದ 25ನೇ ಹುಟ್ಟುಹಬ್ಬದ ಹಿಂದಿನ ದಿನದವರೆಗೆ. ಸುಮ್ನೆ ನಿಯಮ ಹಿಡಿದು ಹೋದರೆ ಉತ್ತರ 24.45 ಬರುತ್ತದೆ. ಅರ್ಧ ವರ್ಷ ತಪ್ಪು. ಸೂತ್ರಕ್ಕಿಂತ ಮೊದಲು ಅಂಕಿಗಳನ್ನು ಹೇಗೆ ಬರೆದುಕೊಂಡರು ಎಂದು ಕೇಳುವುದನ್ನು ಪಾಠದಲ್ಲೇ ಕಲಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ವಿಷಯ. ಗುಂಪಿನೊಳಗೆ ಜನ ಸಮವಾಗಿ ಹರಡಿದ್ದಾರೆ ಎಂದು ಸೂತ್ರ ನಂಬುತ್ತದೆ. ನಮ್ಮಲ್ಲಿ ವಯಸ್ಸು ಕೇಳಿದರೆ ತುಂಬಾ ಜನ 20, 25, 30 ಎಂದು ಹೇಳಿಬಿಡುತ್ತಾರೆ, ಅಲ್ವಾ? ಒಂದೊಂದು ವರ್ಷದ ಪಟ್ಟಿ ತೆಗೆದು ನೋಡಿದರೆ ಆ ಅಂಕಿಗಳಲ್ಲಿ ಜನಸಂಖ್ಯೆ ಥಟ್ಟನೆ ಏರುವುದು ಕಾಣುತ್ತದೆ. ನಮ್ಮ ಮಧ್ಯಾಂಕ ಕೂತಿರುವುದು 25ರ ಅಂಚಿನಲ್ಲೇ. 24 ತುಂಬಿದವರು 25 ಎಂದು ಬರೆಸಿದಷ್ಟೂ ಅವರು ಗೆರೆಯ ಈಚೆಯಿಂದ ಆಚೆಗೆ ಹೋಗುತ್ತಾರೆ, ಮಧ್ಯಾಂಕ ನಿಜಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ.