ಬಾಡ್ ಬೇರೆ, ಬಿಪಿಎಸ್ ಬೇರೆ: ಡಯಲ್-ಅಪ್ ಮೋಡೆಮ್ ಟಿಪ್ಪಣಿ

ಡೇಟಾ ಕಮ್ಯುನಿಕೇಶನ್ ಪೇಪರಿನ ಮೋಡೆಮ್ ಅಧ್ಯಾಯದಲ್ಲಿ ನಿಜಕ್ಕೂ ತಲೆ ತಿನ್ನುವುದು ಬಾಡ್ ರೇಟ್ ಮತ್ತು ಬಿಟ್ ರೇಟ್. ಮಿಕ್ಕದ್ದು ಎರಡು ಸಲ ಓದಿದರೆ ಬರುತ್ತದೆ. ಹಾಗಾಗಿ ಇಲ್ಲಿ ಮುಕ್ಕಾಲು ಪಾಲು ಅದೇ ಇದೆ. ಸಿಂಪ್ಲೆಕ್ಸ್, ಹಾಫ್ ಡುಪ್ಲೆಕ್ಸ್‌ನ ವ್ಯಾಖ್ಯೆಗೆ ಯಾವ ಗೈಡ್ ತೆರೆದರೂ ಸಾಕು.

ಬೇಕಾದಷ್ಟೇ ಹಿನ್ನೆಲೆ: ಟೆಲಿಫೋನ್ ಲೈನು ಇರುವುದು ಮಾತಿಗೆ. ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಸದ್ದು ಮಾತ್ರ ಎಕ್ಸ್‌ಚೇಂಜ್ ದಾಟುತ್ತದೆ. ಬಿಟ್‌ಗಳನ್ನು ಈ ಪಟ್ಟಿಯೊಳಗೆ ಕೂರುವ ಸದ್ದಾಗಿ ಮಾಡುವುದು ಮಾಡ್ಯುಲೇಶನ್, ಆ ಸದ್ದಿನಿಂದ ಬಿಟ್‌ಗಳನ್ನು ವಾಪಸ್ ತೆಗೆಯುವುದು ಡಿಮಾಡ್ಯುಲೇಶನ್. ಎರಡನ್ನೂ ಮಾಡುವ ಪೆಟ್ಟಿಗೆಯೇ ಮೋಡೆಮ್. 1962ರಲ್ಲಿ ಎಟಿ ಆ್ಯಂಡ್ ಟಿ ತಂದ ಬೆಲ್ 103 ಮೋಡೆಮ್ ಇದನ್ನು ತೀರಾ ಸರಳವಾಗಿ ಮಾಡುತ್ತಿತ್ತು. ಕರೆ ಮಾಡಿದ ಕಡೆಯಿಂದ 1270 ಹರ್ಟ್ಸ್ ಬಂದರೆ 1, 1070 ಬಂದರೆ 0. ಉತ್ತರಿಸುವ ಕಡೆಗೆ 2225 ಮತ್ತು 2025. ಎರಡು ಜೋಡಿ ಬೇರೆಬೇರೆ ಆದ್ದರಿಂದ ಇಬ್ಬರೂ ಏಕಕಾಲಕ್ಕೆ ಕಳಿಸಬಹುದು, ಅದೇ ಫುಲ್ ಡುಪ್ಲೆಕ್ಸ್. ವೇಗ ಸೆಕೆಂಡಿಗೆ 300 ಬಿಟ್.

ಬಾಡ್ ಎಂದರೆ ಏನು, ಏನಲ್ಲ

ಲೈನಿನ ಮೇಲಿನ ಸಿಗ್ನಲ್ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಹೊಸ ರೂಪ ತಾಳಬಹುದೋ ಅದು ಬಾಡ್. ಆ ಒಂದೊಂದು ರೂಪಕ್ಕೆ ಸಿಂಬಲ್ ಎನ್ನುತ್ತಾರೆ. ಫ್ರೆಂಚ್ ಟೆಲಿಗ್ರಾಫ್ ಎಂಜಿನಿಯರ್ ಎಮಿಲ್ ಬೋದೋ ಹೆಸರಿನಿಂದ ಬಂದ ಮಾನ ಇದು. ಬಿಪಿಎಸ್ ಎಂದರೆ ಸೆಕೆಂಡಿಗೆ ದಾಟಿದ ಬಿಟ್‌ಗಳ ಲೆಕ್ಕ. ಬೆಲ್ 103ರಲ್ಲಿ ಒಂದು ಸಿಂಬಲ್‌ಗೆ ಒಂದೇ ಬಿಟ್, ಆದ್ದರಿಂದ 300 ಬಾಡ್ ಎಂದರೂ 300 ಬಿಪಿಎಸ್ ಎಂದರೂ ಒಂದೇ. ಗೊಂದಲದ ಬೇರು ಇಲ್ಲೇ ಇದೆ. ಮುಂದಿನ ಮೋಡೆಮ್‌ಗಳಲ್ಲಿ ಎರಡೂ ಬೇರೆಯಾದವು, ಜನರ ಬಾಯಲ್ಲಿ ಮಾತ್ರ ಒಂದಾಗಿಯೇ ಉಳಿದವು.

ಎದುರು ಮನೆಯ ತಾರಸಿಯಿಂದ ಗೆಳೆಯನೊಬ್ಬ ಸೆಕೆಂಡಿಗೊಮ್ಮೆ ಕೈ ಎತ್ತಿ ತೋರಿಸುತ್ತಿದ್ದಾನೆ ಎನ್ನಿ. ಮುಷ್ಟಿ ಅಥವಾ ಬಿಡಿಸಿದ ಕೈ, ಎರಡೇ ಭಂಗಿ ಇದ್ದರೆ ಸಲಕ್ಕೆ ಒಂದು ಬಿಟ್. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳನ್ನು ಒಂದೊಂದಾಗಿ ಎತ್ತಬಹುದು, ಮಡಚಬಹುದು ಎಂದು ಒಪ್ಪಂದವಾದರೆ? ಭಂಗಿಗಳು 16, ಸಲಕ್ಕೆ ನಾಲ್ಕು ಬಿಟ್. ಕೈ ಎತ್ತುವ ವೇಗ ಸೆಕೆಂಡಿಗೆ ಒಂದೇ, ಅಂದರೆ 1 ಬಾಡ್. ಮಾಹಿತಿ ಮಾತ್ರ 4 ಬಿಪಿಎಸ್.

ಇಲ್ಲಿ ಒಂದು ನಿಮಿಷ ನಿಲ್ಲಿ. ಭಂಗಿ 16 ಆಯಿತಲ್ಲ, ವೇಗ 16 ಪಟ್ಟು ಏಕೆ ಆಗಲಿಲ್ಲ? ಪ್ರತಿ ಬೆರಳೂ ಒಂದು ಬಿಟ್. ಒಂದು ಬೆರಳಿಗೆ 2 ಭಂಗಿ, ಎರಡಕ್ಕೆ 4, ಮೂರಕ್ಕೆ 8, ನಾಲ್ಕಕ್ಕೆ 16. ಬೆರಳು ಒಂದೊಂದೇ ಹೆಚ್ಚುತ್ತದೆ, ಭಂಗಿ ಪ್ರತಿ ಸಲ ದುಪ್ಪಟ್ಟಾಗುತ್ತದೆ. ಸೂತ್ರದಲ್ಲಿ ಕೂತಿರುವ ‘ಲಾಗ್ ಬೇಸ್ 2’ ಕೇಳುವುದು ಇಷ್ಟೇ: ಇಷ್ಟು ಭಂಗಿಗೆ ಎಷ್ಟು ಬೆರಳು ಬೇಕು? ಬಿಟ್ ರೇಟ್ = ಬಾಡ್ × ಆ ಬೆರಳ ಸಂಖ್ಯೆ. ನಾಲ್ಕು ಬಿಟ್ಟನ್ನು ಎಂಟು ಮಾಡಬೇಕೆಂದರೆ 32 ಭಂಗಿ ಸಾಲದು, 256 ಬೇಕು. ದೂರದಿಂದ, ಮಂಜಿನಲ್ಲಿ, 256 ಭಂಗಿಗಳನ್ನು ಒಂದರಿಂದೊಂದು ಬಿಡಿಸಿ ನೋಡುವುದು ಸುಲಭವಲ್ಲ. ಲೈನಿನ ನಾಯ್ಸ್ (ಗದ್ದಲ) ಮಾಡುವುದು ಇದನ್ನೇ.

ಮೋಡೆಮ್ ಲೈನಿನ ಮೇಲೆ ಭಂಗಿಗಳನ್ನು ಮಾಡುವುದು ಅಲೆಯ ಎತ್ತರ ಮತ್ತು ಫೇಸ್ (ಅಲೆ ತನ್ನ ಏರಿಳಿತದ ಯಾವ ಹಂತದಲ್ಲಿದೆ ಎನ್ನುವುದು) ಎರಡನ್ನೂ ಬದಲಿಸಿ. ಅದೇ ಕ್ವಾಮ್ (ಕ್ವಾಡ್ರೇಚರ್ ಆ್ಯಂಪ್ಲಿಟ್ಯೂಡ್ ಮಾಡ್ಯುಲೇಶನ್). ಈಗ ಲೆಕ್ಕ ಹಾಕಿ ನೋಡಿ (‘ವಿ.’ಯಿಂದ ಶುರುವಾಗುವವು ಮೋಡೆಮ್ ಮಾನದಂಡಗಳ ಹೆಸರು). ವಿ.22 ಬಿಸ್: 600 ಬಾಡ್, 16 ರೂಪ, 600 × 4 = 2400 ಬಿಪಿಎಸ್. ಬರೀ 600 ಬಾಡ್ ಏಕೆಂದರೆ ಪಟ್ಟಿಯನ್ನು ಎರಡು ಭಾಗ ಮಾಡಿ ಹೋಗುವುದಕ್ಕೊಂದು, ಬರುವುದಕ್ಕೊಂದು ಇಟ್ಟಿದ್ದಾರೆ. ಕ್ಯಾರಿಯರ್‌ಗಳು, ಅಂದರೆ ಬಿಟ್‌ಗಳನ್ನು ಹೊರುವ ಮೂಲ ಅಲೆಗಳು, 1200 ಮತ್ತು 2400 ಹರ್ಟ್ಸ್. ವಿ.32 ಬಂದಾಗ ಎಕೋ ಕ್ಯಾನ್ಸಲೇಶನ್ ಸೇರಿತು. ತಾನು ಕಳಿಸಿದ್ದರ ಪ್ರತಿಧ್ವನಿಯನ್ನು ಮೋಡೆಮ್ ತಾನೇ ಕಳೆದುಹಾಕುವುದರಿಂದ ಎರಡೂ ದಿಕ್ಕಿಗೆ ಪೂರ್ತಿ ಪಟ್ಟಿ ಸಿಕ್ಕಿತು: 2400 ಬಾಡ್ × 4 = 9600 ಬಿಪಿಎಸ್. ‘9600 ಬಾಡ್ ಮೋಡೆಮ್’ ಎಂದು ಬರೆದರೆ ತಪ್ಪು ಎನ್ನುವುದು ಇದಕ್ಕೇ. ವಿ.34ರಲ್ಲಿ ಬಾಡ್ 3429ರವರೆಗೆ ಹೋಗುತ್ತದೆ, ಬಿಟ್ ರೇಟ್ 33,600ರವರೆಗೆ. ಭಾಗಿಸಿದರೆ 9.8 ಬರುತ್ತದೆ, ಗಾಬರಿ ಬೇಡ, ಹಲವು ಸಿಂಬಲ್‌ಗಳ ಗುಂಪಿಗೆ ಬಿಟ್ ಹಂಚುವುದರಿಂದ ಸರಾಸರಿ ಪೂರ್ಣಾಂಕವಾಗಿರಬೇಕಿಲ್ಲ.

ಆರ್ಡುಯಿನೋ (ಪ್ರಾಜೆಕ್ಟ್‌ಗಳಿಗೆ ಬಳಸುವ ಪುಟ್ಟ ಸರ್ಕ್ಯೂಟ್ ಬೋರ್ಡ್) ಸೀರಿಯಲ್ ಮಾನಿಟರಿನಲ್ಲಿ ‘9600 ಬಾಡ್’ ಅಂತ ಇದೆಯಲ್ಲ ಎಂದು ಕೇಳುವವರಿಗೆ: ಅಲ್ಲಿ ವೋಲ್ಟೇಜಿನ ಎರಡೇ ಮಟ್ಟ, ಆದ್ದರಿಂದ ಬಾಡ್ ಮತ್ತು ಬಿಪಿಎಸ್ ಮತ್ತೆ ಒಂದೇ. ಅದು ಸರಿ, ಇದೂ ಸರಿ. ಆದರೆ ಅಲ್ಲಿ ಪ್ರತಿ ಬೈಟಿಗೆ ಒಂದು ಸ್ಟಾರ್ಟ್ ಬಿಟ್, ಎಂಟು ಡೇಟಾ, ಒಂದು ಸ್ಟಾಪ್, ಒಟ್ಟು ಹತ್ತು. ಹತ್ತರಿಂದ ಭಾಗಿಸಿದರೆ ಸೆಕೆಂಡಿಗೆ 960 ಬೈಟ್. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಕೋಡ್‌ಗೂ ಮೂರು ಬೈಟ್ ಬೇಕು, ಒತ್ತು-ಗುಣಿತ ಎಲ್ಲಕ್ಕೂ ಬೇರೆ ಬೇರೆ ಕೋಡ್. ಅಲ್ಲಿಗೆ ನಮಗೆ ದಕ್ಕುವುದು ಸೆಕೆಂಡಿಗೆ 320 ಕೋಡ್.

56ಕೆ ಎಲ್ಲಿಂದ ಬಂತು

ಒಂದು ಲೈನಿನಲ್ಲಿ ಹೆಚ್ಚೆಂದರೆ ಎಷ್ಟು ಬಿಪಿಎಸ್ ಸಾಧ್ಯ ಎಂದು ಹೇಳುವ ಶ್ಯಾನನ್ ಸೂತ್ರಕ್ಕೆ 3100 ಹರ್ಟ್ಸ್ ಅಗಲ, 30 ಡೆಸಿಬಲ್ ಸಿಗ್ನಲ್-ನಾಯ್ಸ್ ಅನುಪಾತ ಹಾಕಿದರೆ ಹತ್ತಿರ ಹತ್ತಿರ 31,000 ಬಿಪಿಎಸ್ ಬರುತ್ತದೆ. ಲೈನು ಇನ್ನೂ ಶುಭ್ರವಾಗಿದ್ದರೆ ಸ್ವಲ್ಪ ಮೇಲೆ. ವಿ.34 ಅಲ್ಲಿಗೇ ಮುಟ್ಟಿತ್ತು. ಹಾಗಾದರೆ 56,000 ಬಿಪಿಎಸ್‌ನ (56ಕೆ), 1998ರ ವಿ.90 ಶ್ಯಾನನ್‌ನನ್ನು ಮೀರಿತೇ? ಇಲ್ಲ, ನಾಯ್ಸ್‌ನ ಒಂದು ದೊಡ್ಡ ಮೂಲವನ್ನೇ ದಾರಿಯಿಂದ ತೆಗೆಯಿತು. ಎಕ್ಸ್‌ಚೇಂಜಿನಲ್ಲಿ ಅನಲಾಗ್ ಸದ್ದನ್ನು ಡಿಜಿಟಲ್ ಮಾಡುವಾಗ ಆಗುವ ಕ್ವಾಂಟೈಸೇಶನ್ (ಅಳತೆಯನ್ನು ಹತ್ತಿರದ ಅಂಕಿಗೆ ಸರಿಹೊಂದಿಸುವ) ಎಡವಟ್ಟು ಅದು. ಇಂಟರ್ನೆಟ್ ಕಂಪನಿಯ ಕಡೆ ನೇರ ಡಿಜಿಟಲ್ ಸಂಪರ್ಕವಿದ್ದರೆ ಕೆಳಗಿಳಿಯುವ ದಾರಿಯಲ್ಲಿ ಆ ಪರಿವರ್ತನೆಯೇ ಇಲ್ಲ. ಸೆಕೆಂಡಿಗೆ 8000 ಸ್ಯಾಂಪಲ್, ಪ್ರತಿಯೊಂದರ 8 ಬಿಟ್‌ಗಳಲ್ಲಿ 7 ಬಳಕೆಗೆ: 56,000. ನಮ್ಮ ಮನೆಯಿಂದ ಮೇಲೆ ಹೋಗುವಾಗ ಪರಿವರ್ತನೆ ತಪ್ಪಿದ್ದಲ್ಲ, ಹಾಗಾಗಿ ಅತ್ತ 33,600 ಮಾತ್ರ. ಪರೀಕ್ಷೆಯಲ್ಲಿ ‘ಎರಡೂ ದಿಕ್ಕಿಗೆ 56ಕೆ’ ಎಂದು ಬರೆಯಬೇಡಿ.

ಸಣ್ಣಪುಟ್ಟವು

ಡಿಟಿಇ ಎಂದರೆ ಕಂಪ್ಯೂಟರ್, ಡಿಸಿಇ ಎಂದರೆ ಮೋಡೆಮ್, ನಡುವಿನ ಕೇಬಲ್ಲು ಆರ್‌ಎಸ್-232. ಕೇಬಲ್ಲಿನ ವೇಗ ಬೇರೆ, ಲೈನಿನ ವೇಗ ಬೇರೆ. ಕೆಲವು ಮೋಡೆಮ್‌ಗಳು ‘ಕನೆಕ್ಟ್ 115200’ ಎಂದು ತೋರಿಸುವುದು ಕೇಬಲ್ಲಿನದ್ದನ್ನು. ಫೋನ್ ಲೈನಿನಲ್ಲಿ ಅಷ್ಟು ಓಡುವುದಿಲ್ಲ. ಹ್ಯಾಂಡ್‌ಶೇಕ್ ಎಂದರೆ ಸಂಪರ್ಕ ಕೂಡುವಾಗ ಎರಡು ಮೋಡೆಮ್‌ಗಳು ಮಾಡುವ ಆ ಪ್ರಸಿದ್ಧ ಕಿರುಚಾಟ. ಮೊದಲು ಕೇಳುವ 2100 ಹರ್ಟ್ಸ್‌ನ ಉದ್ದನೆಯ ಸ್ವರ ಉತ್ತರಿಸಿದ ಮೋಡೆಮಿನದು. ಅದರ ಫೇಸನ್ನು ಆಗಾಗ ತಿರುವಿ ಫೋನ್ ಜಾಲದ ಎಕೋ ಕ್ಯಾನ್ಸಲರ್‌ಗಳನ್ನು ಸುಮ್ಮನಾಗಿಸುತ್ತಾರೆ. ಪಕ್ಕದ ಕೋಣೆಯಲ್ಲಿ ಯಾರಾದರೂ ಎಕ್ಸ್‌ಟೆನ್ಶನ್ ರಿಸೀವರ್ ಎತ್ತಿದರೆ ಬರುವ ‘ನೋ ಕ್ಯಾರಿಯರ್’ ಎಂದರೆ ಆಚೆಯ ಕ್ಯಾರಿಯರ್ ಸದ್ದು ಕೇಳಿಸುತ್ತಿಲ್ಲ ಎಂದು.

ಕಂಪ್ಯೂಟರು ಮೋಡೆಮಿಗೆ ಕೊಡುವ ಕಮಾಂಡುಗಳು 1981ರ ಹೇಯ್ಸ್ ಸ್ಮಾರ್ಟ್‌ಮೋಡೆಮ್‌ನಿಂದ ಬಂದವು. ಎಟಿಡಿಟಿ ಎಂದರೆ ಟೋನ್ ಡಯಲ್, ಎಟಿಡಿಪಿ ಎಂದರೆ ಪಲ್ಸ್ ಡಯಲ್ (ಟೋನ್ ಅರ್ಥವಾಗದ ಹಳೆ ಎಕ್ಸ್‌ಚೇಂಜ್‌ಗಳಿಗೆ), ಎಟಿಎಚ್ ಎಂದರೆ ಲೈನ್ ಕಡಿ. ಎಲ್ಲದರ ಮುಂದೆ ‘ಎಟಿ’ ಇರುವುದು ಬರೀ ಗಮನ ಸೆಳೆಯಲು ಎಂದು ಗೈಡ್‌ನಲ್ಲಿರುತ್ತದೆ, ಅದು ಅರ್ಧ ಉತ್ತರ. ‘ಎ’ ಅಕ್ಷರದ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಬಿಟ್ ಸಂಕೇತ) 01000001, ಲೈನಿಗೆ ಹೋಗುವುದು ಬಲತುದಿಯ ಬಿಟ್ ಮೊದಲು. ಅಂದರೆ ಸ್ಟಾರ್ಟ್ ಬಿಟ್‌ನ 0 ಮುಗಿದ ಕೂಡಲೇ 1. ಆ 0 ಎಷ್ಟು ಹೊತ್ತು ನಿಂತಿತು ಎಂದು ಅಳೆದರೆ ಕೇಬಲ್ಲಿನ ವೇಗ ಎಷ್ಟೆಂದು ಮೋಡೆಮಿಗೆ ಗೊತ್ತಾಗಿಬಿಡುತ್ತದೆ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಜಿಎಸ್‌ಎಂ ಮಾಡ್ಯೂಲ್ (ಮೊಬೈಲ್ ಜಾಲಕ್ಕೆ ಸೇರುವ ಪುಟ್ಟ ಮೋಡೆಮ್) ತಂದು ‘ಎಟಿ’ ಟೈಪ್ ಮಾಡಿ ‘ಓಕೆ’ ಬಂತೇ ಎಂದು ಕಾಯುವವರು ಮಾಡುತ್ತಿರುವುದೂ ಇದನ್ನೇ. ಆಟೋಬಾಡ್ (ವೇಗವನ್ನು ತಾನೇ ಹೀಗೆ ಅಳೆಯುವ ಸೌಲಭ್ಯ) ಇರುವ ಮಾಡ್ಯೂಲಾದರೆ ಮೊದಲ ‘ಎಟಿ’ಗೆ ಉತ್ತರ ಬಾರದೆ ಎರಡನೆಯದಕ್ಕೆ ಬರುವುದೂ ಉಂಟು, ವೈರ್ ಬಿಚ್ಚುವ ಮೊದಲು ಇನ್ನೊಮ್ಮೆ ಕಳಿಸಿ ನೋಡಿ.