ನೀರೋ, ಝೀರೋ, ಬಿಳಿ ಪಟ್ಟಿ: ಅಪಲಾಚಿಯನ್ ನಡಿಗೆಗಾರರ ಮಾತು

ಮೊದಲು ಈ ಸಾಲು ಓದಿ. ಅಭ್ಯಾಸಕ್ಕೆಂದು ನಾನೇ ಕಟ್ಟಿದ್ದು: ‘ನಿನ್ನೆ ನೀರೋ, ಇವತ್ತು ಝೀರೋ, ನಾಳೆ ಸ್ಲ್ಯಾಕ್‌ಪ್ಯಾಕ್. ನೋಬೋ ಬಬಲ್ ಮುಂದೆ ಹೋದರೆ ಹೋಗಲಿ.’ ಅಮೆರಿಕದ ಅಪಲಾಚಿಯನ್ ಟ್ರೇಲ್ ಎಂಬ ಉದ್ದನೆಯ ಕಾಲುದಾರಿ ನಡೆಯುವವರ ದಿನಚರಿ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಮೊದಲ ಸಲ ಇಂಥದ್ದು ಓದಿದಾಗ ನನಗೆ ತಿಳಿದದ್ದು ನಿನ್ನೆ, ಇವತ್ತು, ನಾಳೆ, ಅಷ್ಟೇ.

ದಾರಿಯ ಅಳತೆ ಗೊತ್ತಿದ್ದರೆ ಮಾತು ಸುಲಭ. ದಕ್ಷಿಣದ ತುದಿ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟ, ಉತ್ತರದ ತುದಿ ಮೇನ್ ರಾಜ್ಯದ ಕಟಾಡಿನ್. ನಡುವೆ 14 ರಾಜ್ಯ, ಸುಮಾರು 3,500 ಕಿ.ಮೀ. ಒಂದೇ ವರ್ಷದಲ್ಲಿ ಪೂರ್ತಿ ನಡೆದರೆ ಥ್ರೂ-ಹೈಕರ್. ರಜೆ ಸಿಕ್ಕಾಗಲೆಲ್ಲ ಒಂದೊಂದು ತುಂಡು ಮುಗಿಸುವವರು ಸೆಕ್ಷನ್ ಹೈಕರ್.

ನೋಬೋ ಅಂದರೆ ನಾರ್ತ್‌ಬೌಂಡ್, ಉತ್ತರಕ್ಕೆ ಹೊರಟವರು. ಸೋಬೋ ಅಂದರೆ ದಕ್ಷಿಣಕ್ಕೆ. ಹೆಚ್ಚಿನವರು ನೋಬೋ. ಮಾರ್ಚ್-ಏಪ್ರಿಲ್ ಹೊತ್ತಿಗೆ ಗುಂಪುಗುಂಪಾಗಿ ಹೊರಡುತ್ತಾರೆ, ಆ ಜಾತ್ರೆಗೆ ಬಬಲ್ ಎಂದು ಹೆಸರು. ಜನಜಂಗುಳಿ ಬೇಡ ಅನ್ನುವವರು ನಡುದಾರಿಯಿಂದ ಶುರು ಮಾಡಿ ಒಂದು ತುದಿ ಮುಟ್ಟುತ್ತಾರೆ. ಆಮೇಲೆ ವಾಪಸ್ ಬಂದು ಇನ್ನೊಂದು ತುದಿಗೆ ನಡೆಯುತ್ತಾರೆ. ಇದು ಫ್ಲಿಪ್-ಫ್ಲಾಪ್. ಹವಾಯಿ ಚಪ್ಪಲಿ ಅಲ್ಲ! ತಂಗುವ ಗುಡಿಸಲುಗಳ ಪುಸ್ತಕದಲ್ಲಿ ಹೆಸರಿನ ಪಕ್ಕ ನಾಲ್ಕು ಅಕ್ಷರ ಕಾಣಬಹುದು. ಜಾರ್ಜಿಯಾಕ್ಕೆ ಜಿ, ಎ. ಮೇನ್‌ಗೆ ಎಂ, ಇ. ಉತ್ತರಕ್ಕೆ ಹೋಗುವವರು ಕೂಡಿಸಿ ಬರೆದರೆ ‘ಗೇಮ್’ ಆಗುತ್ತದೆ, ದಕ್ಷಿಣಕ್ಕೆ ಬರುವವರು ಬರೆದರೆ ‘ಮೆಗಾ’.

ಝೀರೋ ಅಂದರೆ ಟ್ರೇಲ್ ಮೇಲೆ ಒಂದು ಮೈಲಿಯೂ ನಡೆಯದ ದಿನ. ಪರೀಕ್ಷೆಯಲ್ಲಿ ಸೊನ್ನೆ ಬಂದರೆ ಅಳು, ಇಲ್ಲಿ ಸೊನ್ನೆ ಅಂದರೆ ಸ್ನಾನ, ಹಾಸಿಗೆ, ಬಟ್ಟೆ ಒಗೆಯುವುದು, ಹೊಟ್ಟೆ ಬಿರಿಯುವಷ್ಟು ಊಟ. ‘ನಿಯರ್ಲಿ ಝೀರೋ’ ಅನ್ನುವುದು ಕುಗ್ಗಿ ನೀರೋ ಆಗಿದೆ. ಒಂದೆರಡು ಗಂಟೆ ನಡೆದು ಊರು ಸೇರಿಬಿಡುವ ದಿನ ಅದು. ನಮ್ಮ ಕಣ್ಣಿಗೆ ‘ನೀರೋ, ಮಜ್ಜಿಗೆಯೋ’ ಅಂದ ಹಾಗೆ ಕಾಣುತ್ತದೆ, ಎಚ್ಚರ.

ಈಗ ನನಗೆ ತುಂಬ ಹಿಡಿಸಿದ ಭಾಗ, ಬಣ್ಣಗಳು. ದಾರಿಯುದ್ದಕ್ಕೂ ಮರ, ಬಂಡೆ, ಕಂಬಗಳ ಮೇಲೆ ಬಿಳಿ ಪಟ್ಟಿ ಬಳಿದಿರುತ್ತಾರೆ. ಎರಡು ಇಂಚು ಅಗಲ, ಆರು ಇಂಚು ಎತ್ತರ. ಇದೇ ಬ್ಲೇಜ್. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ತಿರುವು ಇದೆ, ಹುಷಾರು ಎಂದರ್ಥ. ಕೆಲವು ಕಡೆ ಮೇಲಿನ ಪಟ್ಟಿ ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ, ತಿರುಗಬೇಕಾದ್ದು ಆ ಕಡೆಗೆ. ನೀರಿಗೋ ಗುಡಿಸಲಿಗೋ ಹೋಗುವ ಅಡ್ಡದಾರಿಗೆ ನೀಲಿ ಪಟ್ಟಿ.

ಬಣ್ಣ ಇಲ್ಲಿಗೇ ನಿಲ್ಲುವುದಿಲ್ಲ, ಕ್ರಿಯಾಪದವಾಗುತ್ತದೆ. ಕಷ್ಟದ ಏರು ತಪ್ಪಿಸಿ ಅಡ್ಡದಾರಿ ಹಿಡಿದರೆ ಬ್ಲೂ-ಬ್ಲೇಜ್ ಮಾಡಿದಿರಿ. ಯಾರದೋ ಕಾರು ಹತ್ತಿ ಮುಂದಿನ ಊರಲ್ಲಿ ಇಳಿದರೆ ಯೆಲ್ಲೋ-ಬ್ಲೇಜ್, ರಸ್ತೆ ನಡುವಿನ ಹಳದಿ ಗೆರೆಯಿಂದ ಬಂದ ಮಾತು. ಶೆನಾಂಡೋವಾ ನದಿಯಲ್ಲಿ ದೋಣಿ ಹತ್ತಿ ಸಾಗಿದರೆ ಆಕ್ವಾ-ಬ್ಲೇಜ್. ಒಂದು ಬಿಳಿ ಪಟ್ಟಿಯನ್ನೂ ಬಿಡದವರು ಪ್ಯೂರಿಸ್ಟ್, ನಮ್ಮ ಮಡಿಯವರ ಹಾಗೆ. ಇಷ್ಟೊಂದು ಬಣ್ಣ ಯಾಕೆ ಅಂದರೆ, ಎಲ್ಲವೂ ಲೆಕ್ಕದ ಮಾತು: ನಡೆದದ್ದೆಷ್ಟು, ತಪ್ಪಿಸಿದ್ದೆಷ್ಟು. ಮುಗಿಸಿದವರನ್ನು ದಾರಿಯ ದೇಖರೇಖಿ ನೋಡುವ ಸಂಸ್ಥೆ ಅಪಲಾಚಿಯನ್ ಟ್ರೇಲ್ ಕನ್ಸರ್ವೆನ್ಸಿ ‘2,000-ಮೈಲರ್’ ಎಂದು ಗುರುತಿಸುತ್ತದೆ. ನಿಜವಾದ ಉದ್ದ 2,190 ಮೈಲಿಗೂ ಜಾಸ್ತಿ, ಆದರೂ ಹೆಸರು ಹಾಗೇ ಉಳಿದಿದೆ. ಹಿಂದೆ ಬಂದು ಎಣಿಸುವವರು ಯಾರೂ ಇಲ್ಲ, ನಡೆದವರ ಮಾತೇ ಸಾಕ್ಷಿ.

ಸ್ಲ್ಯಾಕ್‌ಪ್ಯಾಕ್ ಅಂದರೆ ಸೋಮಾರಿತನ ಅಂದುಕೊಂಡಿದ್ದೆ, ತಪ್ಪು. ದೊಡ್ಡ ಚೀಲವನ್ನು ಗಾಡಿಯಲ್ಲಿ ಮುಂದೆ ಕಳಿಸಿ, ನೀರು, ತಿಂಡಿ ಮಾತ್ರ ಹೊತ್ತು ನಡೆಯುವುದು. ಮೈಲಿ ಅಷ್ಟೇ, ಭಾರ ಕಡಿಮೆ.

ಉಳಿದದ್ದು ಬೇಗ ಹೇಳುತ್ತೇನೆ. ಒರತೆಯ ಪಕ್ಕ ಕೂತು ಹೊಟ್ಟೆ ತುಂಬ ನೀರು ಕುಡಿದು ಹೊರಡುವುದು ಕ್ಯಾಮೆಲ್ ಅಪ್. ಐಬುಪ್ರೊಫೇನ್ ನೋವಿನ ಮಾತ್ರೆಗೆ ವಿಟಮಿನ್ ಐ. ಮೇಲೆ ಹತ್ತಿದರೂ ನೋಟವಿಲ್ಲ, ಮತ್ತೆ ಇಳಿಯಬೇಕು, ಇಂಥ ಸುಮ್‌ಸುಮ್ನೆ ಏರಿಳಿತ ಪಡ್. ಇನ್ನು ಯೋಗಿ ಮಾಡುವುದು. ಇದು ತಪಸ್ಸಲ್ಲ! ಪಿಕ್‌ನಿಕ್ ಬುಟ್ಟಿ ಲಪಟಾಯಿಸುವ ಕಾರ್ಟೂನ್ ಕರಡಿ ಯೋಗಿ ಬೇರ್‌ನಿಂದ ಬಂದದ್ದು. ಬಾಯಿ ಬಿಟ್ಟು ಕೇಳಬಾರದು. ಬುತ್ತಿ ಬಿಚ್ಚಿದವರ ಹತ್ತಿರ ನಿಂತು ‘ಆಹಾ, ಎಂಥ ವಾಸನೆ!’ ಅನ್ನಬೇಕು, ಅವರೇ ಕರೆದು ಕೊಡಬೇಕು. ಕೇಳಿಬಿಟ್ಟರೆ ಅದು ಭಿಕ್ಷೆ.

ಕೊನೆಗೆ ಎಚ್‌ವೈಓಎಚ್, ‘ಹೈಕ್ ಯುವರ್ ಓನ್ ಹೈಕ್’ನ ಮೊದಲಕ್ಷರಗಳು. ನಿಮ್ಮ ನಡಿಗೆ ನಿಮ್ಮದು ಅನ್ನುವ ಸೌಜನ್ಯದ ಮಾತು. ಆದರೆ ಪ್ಯೂರಿಸ್ಟೂ ಯೆಲ್ಲೋ-ಬ್ಲೇಜ್ ಮಾಡಿದವನೂ ಜಗಳಕ್ಕೆ ನಿಂತಾಗ ಈ ನಾಲ್ಕಕ್ಷರ ಬಂದರೆ ಹೀಗೆ ಓದಿಕೊಳ್ಳಿ: ‘ಸಾಕು ಮಾರಾಯ, ನಿನ್ನ ಪಾಡಿಗೆ ನೀನು ನಡಿ.’